ಪಟ್ಟಿಯಲ್ಲಿಲ್ಲದ ಮಾತು

ಸಿಂಗಾಪುರದ ಕಾಕಿ ಬುಕಿತ್‌ನ ಗೋದಾಮುಗಳ ಸಾಲಿನಲ್ಲಿ ಬೋರ್ಡಿಲ್ಲದ ಕಟ್ಟಡವೊಂದಿದೆ. ಪುಷ್ಪಾವತಿ ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಮಾತು ಕೇಳುತ್ತಾಳೆ. ಅದಕ್ಕೇ ಅವಳಿಗೆ ಸಂಬಳ. ಅವಳ ಮನೆಯಿರುವ ಯಿಶುನ್‌ನ ನೆರೆಹೊರೆಯವರಿಗೆ ಅವಳು ಯಾವುದೋ ಪ್ಯಾಕಿಂಗ್ ಕಂಪನಿಯ ಆಫೀಸಿನಲ್ಲಿದ್ದಾಳೆ ಎಂದಷ್ಟೇ ಗೊತ್ತು.

ಒಂಬತ್ತು ನಗರಗಳನ್ನು ಬೂದಿ ಮಾಡಿ ಮಹಾಯುದ್ಧ ಮುಗಿದ ಮೇಲೆ ಲೋಕವನ್ನು ಇಬ್ಬರು ಹಂಚಿಕೊಂಡರು. ಒಂದು ಸಾಗರ ಒಕ್ಕೂಟ, ಇನ್ನೊಂದು ಖಂಡ ಒಕ್ಕೂಟ. ಇಬ್ಬರ ಕೈಯಲ್ಲೂ ಅಣುಬಾಂಬು ಇದ್ದುದರಿಂದ ಯಾರೂ ಯಾರನ್ನೂ ಹೊಡೆಯಲಿಲ್ಲ. ನಡುವೆ ಗೆರೆ ಎಳೆದು ಕೂತರು. ಸಿಂಗಾಪುರ, ಬೆಂಗಳೂರು ಸಾಗರದವರ ಪಾಲಾದವು. ಘಟ್ಟದ ಕೆಳಗಿನ ಕರಾವಳಿ ಖಂಡದವರದಾಯಿತು. ಅಲ್ಲಿ ಮೀನುಗಾರರ ದೋಣಿಗಳ ಪಕ್ಕದಲ್ಲೇ ಅವರ ಜಲಾಂತರ್ಗಾಮಿಗಳು ತಂಗುತ್ತವೆ. ಎಂಬತ್ತೊಂಬತ್ತರಲ್ಲಿ ಗೆರೆ ಪೂರ್ತಿ ಮುಚ್ಚಿತು. ಕಾಗದವಿಲ್ಲ, ಫೋನಿಲ್ಲ, ಹೋಗಿಬರುವುದಂತೂ ಇಲ್ಲ. ಹದಿನಾಲ್ಕು ವರ್ಷ ಕಳೆದು ದೊಡ್ಡವರು ಎಲ್ಲೋ ಕೈಕುಲುಕಿದ್ದಕ್ಕೆ ಬಡವರಿಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಆರು ನಿಮಿಷದ ಫೋನು. ಪಟ್ಟಿಯಲ್ಲಿರುವ ಭಾಷೆಯಲ್ಲೇ ಮಾತಾಡಬೇಕು ಎಂಬುದು ಷರತ್ತು. ತಪ್ಪಿದರೆ ಕೇಳುವವರ ಕಡೆಯಿಂದ ಒಂದು ಬೀಪ್. ಮತ್ತೆ ತಪ್ಪಿದರೆ ಇನ್ನೊಂದು. ಮೂರನೆಯ ಸಲಕ್ಕೆ ಲೈನು ತುಂಡು.

ಪಟ್ಟಿಯಲ್ಲಿ ಹದಿನೇಳು ಭಾಷೆಗಳಿದ್ದವು. ಕನ್ನಡವಿತ್ತು, ತುಳು ಇರಲಿಲ್ಲ.

ಪುಷ್ಪಾವತಿ ಹುಟ್ಟಿದ್ದು ಕಾಪುವಿನಲ್ಲಿ. ಹನ್ನೊಂದನೆಯ ವಯಸ್ಸಿಗೆ ಅಪ್ಪನ ಜೊತೆ ಘಟ್ಟ ಹತ್ತಿ ಬೆಂಗಳೂರು ಸೇರಿದ್ದಳು. ಶಾಲೆಯಲ್ಲಿ ಮಕ್ಕಳು ಅವಳ ಮಾತನ್ನು ಆಡಿಕೊಂಡು ನಕ್ಕಾಗ ಒಂದೇ ವರ್ಷದಲ್ಲಿ ನಾಲಿಗೆ ತಿದ್ದಿಕೊಂಡಳು. ಮದುವೆಯಾಗಿ ಸಿಂಗಾಪುರಕ್ಕೆ ಬಂದ ಮೇಲೆ, ಕೆಲಸದ ಅರ್ಜಿಯಲ್ಲಿ ಬಲ್ಲ ಭಾಷೆ ಯಾವುವು ಎಂದು ಕೇಳಿದಾಗ ಕನ್ನಡ, ಇಂಗ್ಲಿಷ್, ತಮಿಳು ಎಂದು ಬರೆದಳು. ಕರಾವಳಿಯ ಬೇರಿದ್ದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದರು. ಅದು ಬರೀ ಸುಳ್ಳು ಸುದ್ದಿ ಎಂದು ಆಮೇಲೆ ತಿಳಿಯಿತು. ಆ ವರ್ಷ ಇಲಾಖೆಯವರು ತುಳು ಬಲ್ಲ ಒಬ್ಬರಿಗಾಗಿ ಹುಡುಕಿದ್ದರು; ಸಿಗದೆ ಆ ಭಾಷೆಯನ್ನೇ ಪಟ್ಟಿಯಿಂದ ಬಿಟ್ಟಿದ್ದರು. ಅಷ್ಟರಲ್ಲಿ ಅವಳು ಸಹಿ ಹಾಕಿ ಮೂರು ತಿಂಗಳಾಗಿತ್ತು. ಸುಳ್ಳು ಹೇಳಿಕೆಗೆ ಜೈಲಿತ್ತು. ಇವತ್ತು ಹೇಳುವುದು ಕಷ್ಟ ಎಂದು ನಾಳೆಗೆ ಬಿಟ್ಟಳು. ನಾಳೆ ಇನ್ನಷ್ಟು ಕಷ್ಟವಾಯಿತು. ಗಂಡ ಸುಕೇಶ್ ತೀರಿಕೊಂಡ ಮೇಲೆ ಮನೆಯೊಳಗೂ ಆ ಮಾತು ನಿಂತಿತು. ಮಗಳು ಯಶ್ಮಿತಾಳಿಗೆ ಅವಳು ಅದನ್ನು ಕಲಿಸಿರಲೇ ಇಲ್ಲ.

ಯಿಶುನ್‌ನಲ್ಲಿ ಅವಳಿರುವ ಬ್ಲಾಕಿನಲ್ಲೇ ಮೂರನೆಯ ಮಹಡಿಯಲ್ಲಿ ಕೊರಗಪ್ಪ ಇದ್ದರು. ಬಂದರಿನಲ್ಲಿ ದುಡಿದು ನಿವೃತ್ತರಾದವರು, ಎಪ್ಪತ್ತೊಂದರ ಒಂಟಿ ಜೀವ. ಎರಡು ವರ್ಷದ ಕರಾರಿಗೆಂದು ಬಂದವರು; ಕರಾರು ಮುಗಿಯುವಷ್ಟರಲ್ಲಿ ಗೆರೆ ಮುಚ್ಚಿತ್ತು. ತಾಯಿಯಿಲ್ಲದ ಅವರನ್ನು ಸಾಕಿದ ಅಕ್ಕ ಅತ್ತ ಉಳಿದಳು. ಅಕ್ಷರ ಕಾಣದ ಆ ಹೆಂಗಸಿಗೆ ತುಳುವಲ್ಲದೆ ಬೇರೆ ಮಾತು ಬಾರದು. ಫೋನಿಗೆ ಅನುಮತಿ ಸಿಕ್ಕ ವರ್ಷ, ಅರವತ್ತು ದಾಟಿದ ಮೇಲೆ, ಅವಳು ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಶಾಲೆಯ ಪುಸ್ತಕದಿಂದ ಕನ್ನಡ ಕಲಿತಳು. ಆ ಕರೆಗಳು ಹೆಚ್ಚಾಗಿ ಪುಷ್ಪಾವತಿಯ ಕಿವಿಗೇ ಬರುತ್ತಿದ್ದವು. "ನಾನು ಕ್ಷೇಮವಾಗಿದ್ದೇನೆ. ನೀನು ಕ್ಷೇಮವಾಗಿರುವೆಯಾ? ಇಂದು ಮಳೆ ಬರುತ್ತಿದೆ." ಒಂದೊಂದು ಪದವನ್ನೂ ಕಲ್ಲು ಹೊತ್ತಂತೆ ಎತ್ತಿ ಇಡುತ್ತಿದ್ದಳು. ಬಾಯಿಗೆ ಬಂದ ತುಳುವನ್ನು ನುಂಗುವಾಗ ಫೋನಿನಲ್ಲಿ ಸಣ್ಣದೊಂದು ಮೌನ ಕೇಳುತ್ತಿತ್ತು. ಆ ಮೌನದಲ್ಲಿ ಏನಿತ್ತೆಂದು ತಿಳಿದವಳು ಆ ಕಟ್ಟಡದಲ್ಲಿ ಪುಷ್ಪಾವತಿ ಒಬ್ಬಳೇ.

ಈ ವರ್ಷ ಮಾರ್ಚಿನ ಒಂದು ಭಾನುವಾರ, ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಬಳಿ ಕೊರಗಪ್ಪ ಅವಳನ್ನು ತಡೆದರು.

"ಪುಷ್ಪಮ್ಮ, ನೀವು ಅರ್ಜಿ ಚೆನ್ನಾಗಿ ಬರೀತೀರಂತೆ. ನನಗೊಂದು ಉಪಕಾರ ಆಗ್ಬೇಕು ಮಾರಾಯ್ರೆ."

ಅಕ್ಕನಿಗೆ ಲಕ್ವ ಹೊಡೆದಿತ್ತು. ಕೊನೆಗೆ ಬಂದ ಕನ್ನಡ ಮೊದಲು ಹೋಯಿತು. ಈಗ ತುಳುವಷ್ಟೇ ಉಳಿದಿದೆ, ಅದೂ ಎಷ್ಟು ದಿನವೋ. ಒಂದೇ ಒಂದು ಸಲ ತುಳುವಿನಲ್ಲಿ ಮಾತಾಡಲು ಬಿಡಿ ಎಂದು ಇಲಾಖೆಯನ್ನು ಕೇಳಬೇಕಿತ್ತು. ಪುಷ್ಪಾವತಿ ಆ ಮಧ್ಯಾಹ್ನವೇ ಕೂತು ಟೈಪ್ ಮಾಡಿದಳು. ಅಷ್ಟು ಒಳ್ಳೆಯ ಅರ್ಜಿಯನ್ನು ಅವಳು ಯಾರಿಗೂ ಬರೆದುಕೊಟ್ಟಿರಲಿಲ್ಲ.

ಎಂಟು ದಿನಕ್ಕೆ ಅದು ಅವಳ ಮೇಲಧಿಕಾರಿಯ ಮೇಜಿಗೆ ಬಂತು. ದತ್ತಾತ್ರೇಯ ಒಳ್ಳೆಯ ಮನುಷ್ಯ. ಅವಳನ್ನು ಕರೆದು ಕೂರಿಸಿ, ಕಾಗದವನ್ನು ಎರಡು ಸಲ ಓದಿದೆ ಎಂದ.

"ಇದಕ್ಕೆ ಅಪ್ರೂವಲ್ ಕೊಡೋಣ ಅನ್ಸುತ್ತೆ ಪುಷ್ಪಾ ಅವರೇ. ತುಳು ಅರ್ಥ ಆಗೋ ಒಬ್ಬರು ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಸಾಕು, ನಾನು ಸೈನ್ ಮಾಡ್ಬಿಡ್ತೀನಿ. ನಿಮಗೆ ಒಂಚೂರೂ ಬರಲ್ವಾ?"

ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಯಶ್ಮಿತಾಳಿಗೆ ಕೆಲಸ ಸಿಕ್ಕಿತ್ತು. ಸರ್ಕಾರದ ಕ್ಲಿಯರೆನ್ಸ್ ಒಂದೇ ಬಾಕಿ. ಹಿಂದಿನ ದಿನ ತಾನೇ ಅವಳು, "ಅಮ್ಮಾ, ನಮ್ಮ ಫೈಲಲ್ಲಿ ಏನೂ ಇಶ್ಯೂ ಇಲ್ಲ ಅಲ್ವಾ? ಎಲ್ಲಾ ಚೆಕ್ ಮಾಡ್ತಾರೆ ಲಾ," ಎಂದು ಸಿಂಗಾಪುರದ ಧಾಟಿಯಲ್ಲಿ ಕೇಳಿದ್ದಳು.

"ಇಲ್ಲ ಸರ್," ಎಂದಳು ಪುಷ್ಪಾವತಿ. "ನಾವು ಬೆಂಗಳೂರಿನವರು."

ದತ್ತಾತ್ರೇಯ ಅರ್ಜಿಯ ಮೇಲೆ, ಕೇಳುವವರಿಲ್ಲ, ಅನುಮತಿ ಇಲ್ಲ ಎಂದು ಒಂದು ಸಾಲು ಬರೆದ.

ಕೊರಗಪ್ಪನವರ ತಿಂಗಳ ಕರೆ ಪುಷ್ಪಾವತಿಗೇ ಬಂತು. ಹೆಡ್‌ಫೋನ್ ತೆಗೆದಿಟ್ಟು ಪಕ್ಕದವಳಿಗೆ ಬಿಡಬಹುದಿತ್ತು, ಬಿಡಲಿಲ್ಲ. ಬೇರೆ ಯಾರೋ ತುಂಡರಿಸುವುದಕ್ಕಿಂತ ತಾನೇ ಕೇಳುವುದು ಮೇಲು ಎಂದುಕೊಂಡಳು. ಅದೂ ತನಗೆ ತಾನೇ ಹೇಳಿಕೊಂಡ ಸುಳ್ಳು.

"ವಣಸ್ ಆಂಡಾ ಮಗಾ?" ಎಂದಿತು ಅತ್ತಲಿನ ದನಿ. ಊಟ ಆಯಿತಾ ಎಂದು.

ಅವಳು ಬೀಪ್ ಒತ್ತಿದಳು.

"ಅಕ್ಕಾ, ಕನ್ನಡ. ಕನ್ನಡದಲ್ಲಿ ಮಾತಾಡು," ಎಂದರು ಕೊರಗಪ್ಪ. ಮುದುಕಿ ತುಳುವಿನಲ್ಲೇ ಮುಂದುವರಿದಳು, ಗಂಜಿಯ ಬಗ್ಗೆ, ಸೊಂಟದ ನೋವಿನ ಬಗ್ಗೆ. ಎರಡನೆಯ ಬೀಪ್. "ಅಕ್ಕಾ, ಕ್ಷೇಮವಾಗಿದ್ದೇನೆ ಅನ್ನು. ಅಷ್ಟೇ ಅನ್ನು ಸಾಕು." ಮೂರನೆಯ ಸಲ ಪುಷ್ಪಾವತಿಯ ಬೆರಳು ಕೆಂಪು ಗುಂಡಿಯನ್ನು ಒತ್ತಿತು. ಇಪ್ಪತ್ತೆರಡು ವರ್ಷದ ರೂಢಿ ಬೆರಳಿಗಿತ್ತು.

ಗುಂಡಿ ಒತ್ತಿದರೆ ಇತ್ತಲಿನವರಿಗೆ ಫೋನು ಸತ್ತುಹೋಗುತ್ತದೆ. ಅತ್ತಲಿನ ದನಿ ಮಾತ್ರ ಇನ್ನೂ ಹದಿನೈದು ಸೆಕೆಂಡು ಕೇಳುವವರ ಕಿವಿಗೆ ಬರುತ್ತಿರುತ್ತದೆ, ದಾಖಲೆಗಾಗಿ. ಹೆಡ್‌ಫೋನಿನಲ್ಲಿ ಮೈಕ್ ಇಲ್ಲ.

ಒಂಬತ್ತು ದಿನಕ್ಕೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಉತ್ತರಕ್ರಿಯೆಯ ದಿನ, ಬೊಜ್ಜದ ದಿನ, ಕೊರಗಪ್ಪ ಊಟದ ಅಂಗಡಿಗಳ ಹಾಕರ್ ಸೆಂಟರಿನಿಂದ ಬಾಳೆಲೆಯ ಊಟ ತರಿಸಿ, ಸತ್ತವಳ ಪಾಲಿನ ಎಲೆಯನ್ನು ಬ್ಲಾಕಿನ ಹಿಂದಿನ ಹುಲ್ಲಿನ ಮೇಲಿಟ್ಟು ಬಂದರು. ಮೈನಾಗಳು ತಿಂದವು. ಬಂದು ಕಲ್ಲುಮೇಜಿನ ಬಳಿ ಕೂತಾಗ ಪುಷ್ಪಾವತಿ ಎದುರಿಗಿದ್ದಳು. ಅವರು ಅವಳನ್ನು ಕೇಳಲಿಲ್ಲ, ತಮ್ಮಷ್ಟಕ್ಕೆ ಹೇಳಿಕೊಂಡರು.

"ಕಟ್ ಆದ್ಮೇಲೂ ಅಕ್ಕ ಮಾತಾಡ್ತಾನೇ ಇದ್ದಿರ್ಬೇಕು. ಏನಂದ್ಲೋ."

ಪುಷ್ಪಾವತಿ ಹೇಳಿಬಿಟ್ಟಳು. ತುಳುವಿನಲ್ಲೇ ಹೇಳಿದಳು, ಮುದುಕಿ ಹೇಳಿದ ಹಾಗೆಯೇ. ಇಷ್ಟು ವರ್ಷ ನಿನ್ನ ಕನ್ನಡ ಕೇಳಿ ಕೇಳಿ ಇದು ಯಾರೋ ಸರ್ಕಾರದವನು ಅನ್ನಿಸುತ್ತದೆ ಮಗಾ. ಅಲ್ಲಿರುವುದು ನೀನೇ ಹೌದಾ? ನೀನೇ ಹೌದಾ?

ಕೊರಗಪ್ಪ ಅವಳ ಬಾಯನ್ನೇ ನೋಡಿದರು. ಕೇಳುತ್ತಿದ್ದವಳೂ ತುಂಡರಿಸಿದವಳೂ ಇವಳೇ ಎಂದು ಅರ್ಥವಾಯಿತು; ಏನನ್ನೂ ಬಿಡಿಸಿ ಕೇಳಬೇಕಾಗಲಿಲ್ಲ. ಮಾತಾಡಿದಾಗ ದನಿ ಏರಿರಲಿಲ್ಲ.

"ನಾನು ಅಂದ್ ಅನ್ನೋಕೆ ಎಷ್ಟು ಹೊತ್ತು ಬೇಕು ಪುಷ್ಪಮ್ಮ? ಅದೊಂದು ಮಾತು ಸಾಕಿತ್ತು ಅವಳಿಗೆ." ಅಂದ್ ಎಂದರೆ ಹೌದು.

ಅವಳು ತನ್ನ ಮಗಳ ವಿಷಯ ಹೇಳಲು ಹೊರಟಳು. ಅವರು ಕೈ ಎತ್ತಿ ತಡೆದರು. ನಾನು ಎಲ್ಲೂ ದೂರು ಕೊಡುವುದಿಲ್ಲ, ನನ್ನದು ಮುಗಿಯಿತು ಎಂದರು. ಆದರೆ ಈ ಊರಿನಲ್ಲಿ ಅಕ್ಕ, ಅಮ್ಮ ಅತ್ತ ಇರುವವರು ಇನ್ನೂ ಇದ್ದಾರೆ.

"ಇನ್ನೊಂದು ಅರ್ಜಿ ಬರೀರಿ. ತುಳು ಬರೋರು ಇದಾರೆ ಅಂತ. ಹೆಸರು ನೀವೇ ಹಾಕಿ. ನಾನು ಹಾಕೋದಲ್ಲ."

ಮಗಳ ಕ್ಲಿಯರೆನ್ಸ್ ಬಂದ ಮರುದಿನವೇ ಬರೆಯುತ್ತೇನೆ ಎಂದು ಅವಳು ಮಾತು ಕೊಟ್ಟಳು. ಜೂನ್‌ನಲ್ಲಿ ಕ್ಲಿಯರೆನ್ಸ್ ಬಂತು. ಆಮೇಲೆ ಯಶ್ಮಿತಾಳ ಪ್ರೊಬೇಷನ್ ಮುಗಿಯಲಿ ಎಂದುಕೊಂಡಳು. ಅದೂ ಮುಗಿಯಿತು. ಈಗ ಅವಳ ಮದುವೆಯ ಮಾತು ನಡೆದಿದೆ. ಕೊರಗಪ್ಪ ಲಿಫ್ಟಿನಲ್ಲಿ ಸಿಕ್ಕಾಗ ಸರಿದು ಜಾಗ ಕೊಡುತ್ತಾರೆ, ಅರ್ಜಿ ಏನಾಯಿತೆಂದು ಕೇಳುವುದಿಲ್ಲ.

ಕಳೆದ ವಾರ ಪುಷ್ಪಾವತಿ ತುಳುವಿನ ನಾಲ್ಕು ಕರೆಗಳನ್ನು ತುಂಡರಿಸಿದಳು.