ಗೋಂದಣ್ಣ ಅಂಟಿಸಿದ ತಗಡು

ನಮ್ಮ ಭಾವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಷೂ ಕಾರ್ಖಾನೆಯಲ್ಲಿ ಅವರು ಗೋಂದಣ್ಣ. ಆ ಹೆಸರು ಅಲ್ಲಿಂದ ಬೀದಿಗೂ ಬಂತು, ಮನೆಗೂ ಬಂತು. ಷೂಗಳಿಗೆ ಸೋಲ್ ಅಂಟಿಸುವುದು ಅವರ ಕೆಲಸ, ದುಡಿದಷ್ಟು ಕಾಲವೂ ಅದನ್ನೇ ಮಾಡಿದರು. ಸಂಜೆ ಅವರಿಗಿಂತ ಮೊದಲು ಸೊಲ್ಯೂಷನ್ ಅಂಟಿನ ವಾಸನೆ ಮನೆಯೊಳಗೆ ಬರುತ್ತಿತ್ತು.

ಕೆಲಸ ಕಾರ್ಖಾನೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಯಾವ ವಸ್ತುವಾದರೂ ಒಂಚೂರು ಅಲುಗಾಡಿದರೆ ಭಾವನಿಗೆ ನಿದ್ದೆ ಬರುತ್ತಿರಲಿಲ್ಲ. ಸೋಪಿನ ಡಬ್ಬಿಯನ್ನು ಗೋಡೆಗೆ ಅಂಟಿಸಿದರು. ರಿಮೋಟಿನ ಮುಚ್ಚಳ ಪದೇ ಪದೇ ಬೀಳುತ್ತದೆಂದು ಅದನ್ನೂ ಅಂಟಿಸಿದರು. ಸೆಲ್ ಮುಗಿದಾಗ ಮುಚ್ಚಳ ಬಿಡಲಿಲ್ಲ, ಇಡೀ ರಿಮೋಟನ್ನೇ ಎಸೆಯಬೇಕಾಯಿತು. ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಭಾವ ಹಲ್ಲು ಬಿಟ್ಟುಕೊಂಡು, "ಮುಚ್ಚಳ ಮಾತ್ರ ಬಿದ್ದಿಲ್ಲ ನೋಡು" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಕೂರುವುದು ಯಾರ ಕೈಲೂ ಆಗುತ್ತಿರಲಿಲ್ಲ, ನನ್ನಂಥ ಮುಂಗೋಪಿಯ ಕೈಲೂ.

ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಧ್ವನಿ ಹೋಗುತ್ತದೆ ಎಂದರು. ಅಕ್ಕ ಅತ್ತಳು. ಭಾವ ಅಳಲಿಲ್ಲ. ಪೇಟೆಗೆ ಹೋಗಿ ಒಂದು ಹಳೆಯ ಕಂಪ್ಯೂಟರನ್ನೂ ಮೈಕನ್ನೂ ಹೊತ್ತು ತಂದರು. ಅವಳು ಆಸ್ಪತ್ರೆಗೆ ಸೇರುವ ತನಕ ದಿನವೂ ಅದರ ಮುಂದೆ ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು. ಒಂದೊಂದು ಮಾತಿಗೂ ಒಂದೊಂದು ಗುಂಡಿ ಮಾಡಿ ಫೋನಿಗೆ ಹಾಕಿಕೊಡಬೇಕು, ಗುಂಡಿ ಒತ್ತಿದರೆ ಅಕ್ಕನೇ ಮಾತಾಡಬೇಕು ಎಂಬುದು ಅವರ ಆಸೆ. ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವಳು.

"ನನ್ನ ಹತ್ರ ತನ್ನಿ ಭಾವ, ನಾನೇ ಮಾಡ್ಕೊಡ್ತೀನಿ" ಎಂದೆ.

"ಇದೊಂದು ನನಗೆ ಬಿಟ್ಬಿಡಮ್ಮ" ಎಂದರು.

ಅಕ್ಕ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಗಾಬರಿಯಿಂದ ಫೋನ್ ಮಾಡಿದರು. ಮಾತುಗಳನ್ನೆಲ್ಲ ಇಟ್ಟಿದ್ದ ಎಸ್‌ಎಸ್‌ಡಿ, ಅಂದರೆ ಬೆರಳುದ್ದದ ತೆಳು ಪಟ್ಟಿ, ಮುಟ್ಟಿದರೆ ಸುಡುತ್ತಿದೆಯಂತೆ.

"ಅವಳ ಧ್ವನಿ ಪೂರ್ತಿ ಇದರಲ್ಲೇ ಇದೆಯಮ್ಮ. ಸುಟ್ಟುಗಿಟ್ಟು ಹೋದ್ರೆ?"

"ಅದು ಬಿಸಿ ಆಗೋದೇ ಭಾವ. ಮೇಲೊಂದು ಹೀಟ್‌ಸಿಂಕ್ ಕೂರಿಸಿದ್ರೆ ಸರಿಹೋಗತ್ತೆ. ನಾನು ತರ್ತೀನಿ ಇರಿ."

ಸಂಜೆ ಮತ್ತೆ ಅವರದೇ ಫೋನ್: "ಕೂರಿಸಿಯೂ ಆಯ್ತು. ಅಲ್ಯೂಮಿನಿಯಂ ತಗಡು ಕತ್ತರಿಸಿ ಅಂಟಿಸಿದೀನಿ. ಇನ್ನು ಏಳು ಜನ್ಮಕ್ಕೂ ಬಿಡಲ್ಲ."

"ಯಾವುದ್ರಲ್ಲಿ ಅಂಟಿಸಿದ್ರಿ?"

"ನಮ್ಮ ಸೊಲ್ಯೂಷನ್ನಲ್ಲೇ!"

ಶಾಖ ಹೊರಗೆ ಹೋಗಲೆಂದು ತಗಡು, ಶಾಖವನ್ನೇ ಬಿಡದಂಥ ಅಂಟು! ಬೈಯಲು ಬಾಯಿ ಬರಲಿಲ್ಲ, ಅಷ್ಟು ಸಮಾಧಾನವಿತ್ತು ಅವರ ಮಾತಿನಲ್ಲಿ.

ಅಕ್ಕ ಮನೆಗೆ ಬಂದಳು. ಗುಂಡಿಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಭಾವ ಕಾರ್ಖಾನೆಯ ಗೇಟಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದರು. ಎತ್ತಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಕೇಳಿ ಅಕ್ಕ ಅತ್ತಾಗ ಸದ್ದೇ ಬರಲಿಲ್ಲ. ಬಾಯಿ ಪೂರ್ತಿ ತೆರೆದಿತ್ತು, ಕುತ್ತಿಗೆಯ ನರಗಳು ಉಬ್ಬಿದ್ದವು, ಕೋಣೆ ಮಾತ್ರ ನಿಶ್ಶಬ್ದ. ಅಂಥ ಅಳು ನನ್ನ ಶತ್ರುವಿಗೂ ಬೇಡ.

ಆಮೇಲೆ ಅವಳು ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದರೆ ಅದರೊಳಗಿನ ಯಾರೋ ಹೆಂಗಸು ಓದುತ್ತಿದ್ದಳು. ನಗುವಿಗೂ ನೋವಿಗೂ ಆ ಹೆಂಗಸಿನ ಹತ್ತಿರ ಒಂದೇ ರಾಗ. ಅಕ್ಕನಿಗೆ ಅವಳನ್ನು ಕಂಡರಾಗದು. ಕೊನೆಗೊಂದು ದಿನ ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ನನ್ನ ಮುಂದೆ ಹಿಡಿದಳು: "ನನ್ನ ಧ್ವನಿ ನನಗೆ ಬೇಕು."

ಭಾವನ ಕಂಪ್ಯೂಟರ್ ಹಾಕಿ ನೋಡಿದರೆ ಬೋರ್ಡು ಸತ್ತಿತ್ತು. ಎಸ್‌ಎಸ್‌ಡಿ ಪಟ್ಟಿಯನ್ನು ತೆಗೆದು ಬೇರೆ ಕಡೆ ಜೋಡಿಸಿದರಾಯಿತು ಎಂದು ಬಿಚ್ಚಿದೆ. ತಗಡು ಪಟ್ಟಿಗಿಂತ ದೊಡ್ಡದು. ಪಟ್ಟಿಯನ್ನೂ, ಅದು ಕೂರುವ ಸಾಕೆಟ್ಟನ್ನೂ ಸೇರಿಸಿ ಭಾವ ಒಟ್ಟಿಗೇ ಅಂಟಿಸಿಬಿಟ್ಟಿದ್ದರು. ತಗಡು ಬಿಡದೆ ಪಟ್ಟಿ ಹೊರಬರುವ ಹಾಗಿರಲಿಲ್ಲ. ಆ ಮಾತುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಇಂಥ ಕಡೆ ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಮೀಟಿದರೆ ಕೆಟ್ಟಿತು. ತಗಡಿನ ಕೆಳಗೆ ಮಾತುಗಳನ್ನು ಹಿಡಿದಿಟ್ಟ ಚಿಪ್ಪುಗಳು ಕೂತಿರುವುದು ಸಾಸಿವೆಗಿಂತ ಸಣ್ಣ ಬೆಸುಗೆಯ ಹನಿಗಳ ಮೇಲೆ. ಎತ್ತಿದರೆ ತಗಡಿನ ಜೊತೆ ಚಿಪ್ಪೂ ಕಿತ್ತು ಬರುತ್ತದೆ, ಅದರೊಳಗಿದ್ದದ್ದೂ ಹೋಗುತ್ತದೆ. ಅಕ್ಕನಿಗೆ ಇದನ್ನು ಮುಚ್ಚಿಡದೆ ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಅಕ್ಕನ ಮನೆಯ ಊಟದ ಮೇಜಿನ ಮೇಲೇ ಬೋರ್ಡು ಇಟ್ಟುಕೊಂಡು ಕೂತೆವು. ಕೂದಲು ಒಣಗಿಸುವ ಡ್ರೈಯರನ್ನು ದೂರದಿಂದ ಆಡಿಸುತ್ತಾ ತಗಡನ್ನು ಕಾಯಿಸಿದೆ. ಬೆರಳು ತಾಳುವಷ್ಟು ಬಿಸಿ ಸಾಕು, ಹೆಚ್ಚಾದರೆ ಬೇರೆ ಅನಾಹುತ. ಅಂಟು ಮೆತ್ತಗಾದಾಗ ತಗಡಿಗೂ ಚಿಪ್ಪಿಗೂ ನಡುವೆ ನೈಲಾನ್ ದಾರ ತೂರಿಸಿ ಗರಗಸದಂತೆ ಆಚೆ ಈಚೆ ಎಳೆದೆ. ದಾರ ಪಟ್ಟೆಂದು ಹರಿಯಿತು. ಇನ್ನೊಂದು ಹಾಕಿದೆ, ಅದೂ ಹರಿಯಿತು. ನನ್ನ ಬಾಯಿಂದ ಬಂದ ಬೈಗುಳ ಸತ್ತವರಿಗೆ ಬೈಯುವಂಥದ್ದಲ್ಲ.

ಅಕ್ಕ ಎದ್ದು ಹೋಗಿ ಭಾವನ ಪೆಟ್ಟಿಗೆಯಿಂದ ಷೂ ಹೊಲಿಯುವ ಮೇಣದ ದಾರ ತಂದಳು. ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತಾನೇ ಹಿಡಿದಳು. ಕಾಯಿಸುವುದು, ಎಳೆಯುವುದು, ಆರಿದರೆ ಮತ್ತೆ ಕಾಯಿಸುವುದು. ಅಕ್ಕ ತಂಗಿ ಎದುರುಬದುರು ಕೂತು ಒಂದೇ ದಾರ ಎಳೆಯುತ್ತಿದ್ದೆವು. ದಾರ ಆ ತುದಿ ಮುಟ್ಟಿದ ಮೇಲೂ ನಾನು ತಗಡನ್ನು ಎತ್ತಲಿಲ್ಲ, ಪಕ್ಕಕ್ಕೆ ಮೆಲ್ಲಗೆ ತಿರುಚುತ್ತಾ ಜಾರಿಸಿದೆ. ಕಟಕ್ಕೆಂದಿತು. ಇಬ್ಬರೂ ದಾರ ಬಿಟ್ಟು ಬಗ್ಗಿ ನೋಡಿದೆವು. ಮುರಿದದ್ದು ಮೂಲೆಯಲ್ಲಿ ಗಟ್ಟಿಯಾಗಿದ್ದ ಅಂಟು ಅಷ್ಟೇ. ತಗಡು ಕೈಗೆ ಬಂತು, ಚಿಪ್ಪುಗಳೆಲ್ಲ ಇದ್ದಲ್ಲೇ ಇದ್ದವು.

ಪಟ್ಟಿಯನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ತೆರೆದುಕೊಂಡಿತು. ಅಕ್ಕ ಉಗುರು ನಾಟುವಂತೆ ನನ್ನ ತೋಳು ಹಿಡಿದಳು. ಮೊದಲನೆಯ ಮಾತನ್ನು ಒತ್ತಿದೆ.

"ರೀ, ಬಂದ್ರಾ? ಮೊದಲು ಕೈ ತೊಳ್ಕೊಳ್ಳಿ."

ಅಕ್ಕನ ಧ್ವನಿ! ಅದೇ ಎಳೆತ, ಅದೇ ಸಣ್ಣ ಗದರಿಕೆ. ಇಬ್ಬರೂ ಅತ್ತೆವು. ಖುಷಿಗೇ ಅತ್ತದ್ದು. ಒಂದರ ಹಿಂದೊಂದು ಒತ್ತಿದೆ.

"ರೀ, ಛತ್ರಿ ತಗೊಂಡ್ರಾ?"

"ಊಟ ಆರಿಹೋಗ್ತಿದೆ ಕಣ್ರೀ."

"ಮಾತ್ರೆ ನುಂಗಿದ್ರಾ? ನನ್ನ ಮುಖ ನೋಡಿ ಹೇಳಿ."

"ರೀ, ಲೈಟ್ ಆರಿಸಿ, ನಿದ್ದೆ ಬರ್ತಿದೆ."

ಮುಂದೆ ಮುಂದೆ ಹೋದಂತೆ ನನ್ನ ಕೈ ನಿಧಾನವಾಯಿತು. ಹಾಲಿನವನಿಗೆ ಹೇಳುವ ಒಂದು ಮಾತೂ ಇರಲಿಲ್ಲ. ಡಾಕ್ಟರಿಗೆ ಇಲ್ಲ, ಪಕ್ಕದ ಮನೆಯವರಿಗೆ ಇಲ್ಲ, ನನಗಂತೂ ಇಲ್ಲವೇ ಇಲ್ಲ. ಕೊನೆಯ ತನಕ ಹುಡುಕಿದೆ. "ದಿನಾ ಏನು ಹೇಳ್ತೀಯೋ ಅದನ್ನೇ ಹೇಳು" ಎಂದಿದ್ದರಂತೆ ಭಾವ. ಅಕ್ಕ ದಿನವೂ ಅವರಿಗೆ ಹೇಳುತ್ತಿದ್ದುದನ್ನೇ ಹೇಳಿದ್ದಳು. ತಾನಿಲ್ಲದ ಮನೆಯಲ್ಲಿ ಅವಳು ಮಾತಾಡಬೇಕಾದೀತು ಎಂದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

"ಅಕ್ಕಾ, 'ರೀ' ಅನ್ನೋದನ್ನೆಲ್ಲ ಕತ್ತರಿಸಿ ತೆಗೀತೀನಿ" ಎಂದೆ. "ಉಳಿದಿದ್ದರಲ್ಲಿ ಒಂದಷ್ಟಾದ್ರೂ ಬೇರೆಯವರ ಹತ್ರ ಮಾತಾಡೋಕೆ ಆಗತ್ತೆ."

ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದಳು. ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ಮೊದಲನೆಯದನ್ನೇ ಮತ್ತೆ ಒತ್ತಿದಳು.

"ರೀ, ಬಂದ್ರಾ? ಮೊದಲು ಕೈ ತೊಳ್ಕೊಳ್ಳಿ."

ಉತ್ತರ ಬರುವಷ್ಟು ಹೊತ್ತು ಕಾದಳು. ಆಮೇಲೆ ಮುಂದಿನದನ್ನು ಒತ್ತಿದಳು.