ಕೋಡಿ ಬಿದ್ದ ವರ್ಷದ ಬುಧವಾರ

2022ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ತಾಯಿಯ ತವರೂರಿನ ಕೆರೆ ಕೋಡಿ ಬಿತ್ತು. ಊರು ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿದೆ. ಅದಕ್ಕೂ ಹಿಂದೆ ಆ ಕೆರೆ ಕೋಡಿ ಬಿದ್ದಾಗ ನಮ್ಮ ತಾಯಿಗೆ ಇನ್ನೂ ಮದುವೆಯಾಗಿರಲಿಲ್ಲ.

ತಾಯಿಯ ಜೊತೆ ಹುಟ್ಟಿದವರು ಮೂವರು ಹೆಣ್ಣುಮಕ್ಕಳು, ಒಬ್ಬ ತಮ್ಮ. ಹಿರಿಯಳಾದ ದೊಡ್ಡಮ್ಮನನ್ನು ಪಾವಗಡಕ್ಕೆ ಕೊಟ್ಟಿದ್ದರು, ನಮ್ಮ ತಾಯಿಯನ್ನು ಮಧುಗಿರಿಗೆ. ಇಬ್ಬರು ಚಿಕ್ಕಮ್ಮಂದಿರಲ್ಲಿ ಒಬ್ಬರು ಶಿರಾಕ್ಕೆ, ಕೊನೆಯವರು ಕೊರಟಗೆರೆಗೆ. ಮಾವ ಊರಲ್ಲೇ ಉಳಿದರು. ಬಸ್ಸು ಹತ್ತಿದರೆ ಯಾರ ಮನೆಯಿಂದ ಯಾರ ಮನೆಗೂ ಅರ್ಧ ದಿನದ ದಾರಿಯೂ ಇಲ್ಲ. ಆದರೂ ಅಕ್ಕತಂಗಿಯರು ನಾಲ್ವರೂ ಒಂದೆಡೆ ಸೇರುತ್ತಿದ್ದದ್ದು ಮದುವೆಗಳಲ್ಲಿ ಮತ್ತು ಸಾವುಗಳಲ್ಲಿ ಮಾತ್ರ. ಅಂದರೆ ಬೇರೆಯವರು ದಿನ ಗೊತ್ತುಮಾಡಿದಾಗ, ಇಲ್ಲವೇ ದಿನ ಯಾರನ್ನೂ ಕೇಳದೆ ಬಂದಾಗ.

ಇದಕ್ಕೆ ಕಾರಣ ನಮ್ಮ ತಾತ. ಹೊರಡುವ ವಿಷಯವನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಅಡ್ಡಿ ಬರುತ್ತದೆಂದು ಅವರು ನಂಬಿದ್ದರು. ಗಾಡಿ ಕಟ್ಟಿ, ಮಕ್ಕಳನ್ನು ಹತ್ತಿಸಿ, ಊರ ಎಲ್ಲೆ ದಾಟಿದ ಮೇಲೆ ಎಲ್ಲಿಗೆಂದು ಹೇಳುತ್ತಿದ್ದರಂತೆ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ‘ದೂರವೇ’ ಎಂದು ಕೇಳಬೇಕು ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ನಮ್ಮ ತಾತನ ಮಕ್ಕಳು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ಫೋನಿನಲ್ಲಿ ‘ಯಾವಾಗ ಬರುತ್ತೀರಿ’ ಎಂದು ಕೇಳಿದರೆ ನಾಲ್ವರದೂ ಒಂದೇ ಉತ್ತರ: “ನೋಡಾನ.” ಹೀಗೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ, ಬೀಗ ಹಾಕಿದ ಬಾಗಿಲು ನೋಡಿ, ಪಕ್ಕದ ಮನೆಯಲ್ಲಿ ಕಾಫಿ ಕುಡಿದು ಹಿಂದಿರುಗಿದ ಉದಾಹರಣೆಗಳು ನಮ್ಮಲ್ಲಿ ಹಲವಿವೆ. ಒಮ್ಮೆ ನಮ್ಮ ತಾಯಿ ಶಿರಾಕ್ಕೆ ಹೋದ ದಿನವೇ ಶಿರಾದ ಚಿಕ್ಕಮ್ಮ ಮಧುಗಿರಿಗೆ ಬಂದಿದ್ದರು. ಇಬ್ಬರೂ ಅದನ್ನು ವರ್ಷಗಟ್ಟಲೆ ನಗುತ್ತಾ ಹೇಳಿಕೊಂಡರು. ಪದ್ಧತಿ ಬದಲಿಸುವ ಮಾತು ಯಾರೂ ಎತ್ತಲಿಲ್ಲ.

ಕೆರೆ ತುಂಬುತ್ತಿದೆ ಎಂಬ ಸುದ್ದಿ ಬಂದಾಗ ಆ ಮಾತನ್ನು ಮೊದಲು ಎತ್ತಿದವರು ದೊಡ್ಡಮ್ಮ. ಹಿಂದಿನ ಕೋಡಿಗೆ ಅವರ ತಾಯಿ ಬಾಗಿನ ಕೊಡುವಾಗ ನಾಲ್ವರು ಹುಡುಗಿಯರೂ ಮೊರದ ಅಂಚು ಹಿಡಿದು ನಿಂತಿದ್ದರಂತೆ. ಈ ಸಲ ನಾಲ್ವರೂ ಮುತ್ತೈದೆಯರಾಗಿ, ತವರಿನ ಕೆರೆಗೆ, ಒಟ್ಟಿಗೆ ನಿಂತು ಬಾಗಿನ ಕೊಡಬೇಕೆಂಬುದು ದೊಡ್ಡಮ್ಮನ ಆಸೆ. ತಾಯಿಗೆ ಫೋನ್ ಮಾಡಿ ಅವರು ಕೇಳಿದ್ದು ಇಷ್ಟೇ:

“ಒಂದು ದಿನ ಯೋಳ್ರಮ್ಮ. ಯಾವ್ದಾನಾ ಒಂದು ದಿನ. ನಿಮ್ಮಂಗೆ ಎದ್ದು ಬರಕ್ಕಾಗಲ್ಲ ನಂಗೆ.”

ದೊಡ್ಡಪ್ಪನಿಗೆ ಮೂತ್ರಪಿಂಡ ಕೆಟ್ಟಿತ್ತು. ಸೋಮವಾರ ಮತ್ತು ಶುಕ್ರವಾರ ಡಯಾಲಿಸಿಸ್. ಉಳಿದ ದಿನಗಳಲ್ಲೂ ಅವರನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ದೊಡ್ಡಮ್ಮ ಮನೆ ಬಿಡಬೇಕಾದರೆ ಯಾರಾದರೂ ಬಂದು ಕೂರಬೇಕು. ಕೂರುವವರಿಗೆ ಮೊದಲೇ ಹೇಳಬೇಕು. ಮನಸ್ಸು ಬಂದಾಗ ಹೊರಡುವುದು ಕೈ ಖಾಲಿ ಇದ್ದವರಿಗೆ ಸಾಧ್ಯ. ತಾತ ಹಾಗೆ ಹೊರಡುತ್ತಿದ್ದಾಗ ಹಿಂದೆ ದನ, ಮನೆ, ಕೂಸು ನೋಡಿಕೊಳ್ಳಲು ಅಜ್ಜಿ ಇದ್ದರು. ಈ ಮಾತು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ತಾಯಿ ಹೇಳಿದ್ದು: “ನೋಡಾನ ಬುಡಕ್ಕ.”

ನಾನು ತುಮಕೂರಿನಲ್ಲಿ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತೇನೆ. ರಜೆಯ ಭಾನುವಾರ ಮಧುಗಿರಿಯ ಮನೆಯಲ್ಲಿದ್ದೆ. ತಿಂಡಿ ಮುಗಿಯುತ್ತಿದ್ದಂತೆ ತಾಯಿ ಹೊಸ ಸೀರೆ ಉಟ್ಟು ಬಂದು ಕಾರು ತೆಗೆಯಲು ಹೇಳಿದರು. ಕೈಯಲ್ಲಿ ಬಟ್ಟೆಯ ಗಂಟು. ಎಲ್ಲಿಗೆಂದು ನಾನು ಕೇಳಲಿಲ್ಲ. ಪುರವರದ ರಸ್ತೆ ಹಿಡಿದ ಮೇಲೆ ಅವರೇ ಹೇಳಿದರು. ಗಂಟಿನಲ್ಲಿ ಎರಡು ಮೊರ, ಅರಿಶಿನ ಕುಂಕುಮ, ಬಳೆ, ಬಾಚಣಿಗೆ, ರವಿಕೆ ಬಟ್ಟೆ, ಧಾನ್ಯ ಎಲ್ಲ ಇದ್ದವು.

ಕೆರೆಯ ಏರಿಯ ಮೇಲೆ ಜನ ಜಾತ್ರೆಯ ಹಾಗೆ ಸೇರಿದ್ದರು. ಕೋಡಿಯ ಕಲ್ಲಿನ ಮೇಲೆ ನೀರು ತೆಳ್ಳಗೆ, ಬಿಡುವಿಲ್ಲದೆ ಇಳಿಯುತ್ತಿತ್ತು. ಮಿರ್ಚಿ ಬಜ್ಜಿಯ ಗಾಡಿ ಆಗಲೇ ಬಂದಿತ್ತು. ಅದರ ಪಕ್ಕದಲ್ಲಿ ಕೊರಟಗೆರೆಯ ಚಿಕ್ಕಮ್ಮ ನಿಂತಿದ್ದರು. ಅವರ ಕಂಕುಳಲ್ಲೂ ಒಂದು ಗಂಟು.

“ಕಳ್ಳಿ, ನಂಗೊಂದು ಮಾತು ಯೋಳಿಲ್ಲ,” ಎಂದರು ತಾಯಿ.

“ನೀನು ಯೋಳಿದ್ಯೇನಕ್ಕ? ನೋಡು, ಯೋಳ್ದಲೇ ಬಂದಿದ್ಕೇ ಇಬ್ರೂ ಸಿಕ್ಕಿದ್ದು.”

ಮಾವ ಇಬ್ಬರನ್ನೂ ನೋಡಿ ತಲೆ ಕೆರೆದುಕೊಂಡರು. “ಮನೇಲಿ ಇಬ್ರಿಗಾಗೋಷ್ಟೇ ಸಾರಿರೋದು. ಒಂದು ಫೋನ್ ಹಾಕಿದ್ರೆ ನಿಮ್ಮ ಬಳೆ ಸವೀತಿತ್ತೇನ್ರಮ್ಮ?”

ನೀರಿಗಿಳಿಯುವ ಮೊದಲು ತಾಯಿ ದೊಡ್ಡಮ್ಮನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ನೀರಿನ ಸದ್ದು ಅಕ್ಕನಿಗೂ ಕೇಳಲಿ ಎಂದು. ದೊಡ್ಡಮ್ಮ ಕೇಳಿದರು:

“ಬುಟ್ಟಾಯ್ತಾ?”

“ಇನ್ನೂ ಇಲ್ಲ ಕಣಕ್ಕ.”

“ಅಂಗಾರೆ ಬುಡಬ್ಯಾಡ್ರಿ. ಮೊರ ವಾಪಸ್ ತಗಂಡೋಗ್ರಿ. ನಾನೇ ದಿನ ಯೋಳ್ತೀನಿ. ಬರೋ ಬುಧವಾರ ಅಲ್ಲ, ಅದರ ಮುಂದಿನ ಬುಧವಾರ. ಸರೇನಾ?”

ಪಾವಗಡದಲ್ಲಿ ನಲವತ್ತು ವರ್ಷ ಬಾಳಿ ದೊಡ್ಡಮ್ಮನ ಮಾತಿನ ಕೊನೆಗೆ ತೆಲುಗು ಹತ್ತಿಕೊಂಡಿತ್ತು. ತಂಗಿಯರು ಸಾಮಾನ್ಯವಾಗಿ ಅದನ್ನು ಅಣಕಿಸುತ್ತಿದ್ದರು. ಅಂದು ಅಣಕಿಸಲಿಲ್ಲ. ತಂದ ಬಾಗಿನವನ್ನು ನೀರಿನ ಅಂಚಿನಿಂದ ಹಿಂದಕ್ಕೆ ಒಯ್ಯುವುದು ಮಾವನಿಗೆ ಸರಿಬರಲಿಲ್ಲ. ಆದರೂ ಒಯ್ದು ನಮ್ಮ ದೇವರ ಮನೆಯಲ್ಲಿಟ್ಟೆವು; ಚಿಕ್ಕಮ್ಮನೂ ತಮ್ಮ ಗಂಟಿನೊಡನೆ ಕೊರಟಗೆರೆಗೆ ಹಿಂದಿರುಗಿದರು. ಸಂಜೆ ತಾಯಿ ಶಿರಾದ ಚಿಕ್ಕಮ್ಮನಿಗೂ ಬುಧವಾರದ ವಿಷಯ ತಿಳಿಸಿದರು. ನನಗೆ ತಿಳಿದ ಹಾಗೆ, ನಾಲ್ವರೂ ಸೇರುವ ದಿನವನ್ನು ಆ ಮನೆಯ ಮಕ್ಕಳು ಬಾಯಿಬಿಟ್ಟು ಹೇಳಿಕೊಂಡದ್ದು ಅದೇ ಮೊದಲು.

ಮರುವಾರ ವರದಿಯೊಂದಕ್ಕಾಗಿ ಪಾವಗಡಕ್ಕೆ ಹೋದಾಗ ದೊಡ್ಡಮ್ಮನ ಮನೆಗೆ ಹೋದೆ. ಮನೆ ಮದುವೆಗೆ ಸಿದ್ಧವಾಗುವ ಹಾಗಿತ್ತು. ಎದುರು ಮನೆಯ ನಿವೃತ್ತ ಶಿಕ್ಷಕಿ ಬುಧವಾರ ಬೆಳಗ್ಗೆಯಿಂದ ಸಂಜೆವರೆಗೆ ಬಂದು ಕೂರಲು ಒಪ್ಪಿದ್ದರು. ಅವರಿಗೆ ಮಧ್ಯಾಹ್ನಕ್ಕೆ ಏನು ಮಾಡಿಡಬೇಕೆಂಬುದೂ ತೀರ್ಮಾನವಾಗಿತ್ತು. ದೊಡ್ಡಪ್ಪನ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಬೇರೆ ಬೇರೆ ಬಟ್ಟಲಿನಲ್ಲಿ ಇಟ್ಟು, ಶಿಕ್ಷಕಿಗೆ ಎರಡು ಸಲ ತೋರಿಸಿಯಾಗಿತ್ತು. ಮಧುಗಿರಿಯ ಮೊದಲ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿಟ್ಟಿದ್ದರು. ನಾಲ್ವರಿಗೂ ಒಂದೇ ಬಣ್ಣದ ರವಿಕೆ ಬಟ್ಟೆ ತಂದಿದ್ದರು.

ದೊಡ್ಡಪ್ಪ ಮಂಚದ ಮೇಲೆ ಎದ್ದು ಕೂತಿದ್ದರು. ಕೆಲವು ತಿಂಗಳಿಂದ ಮಾತು ಕಡಿಮೆಯಾಗಿದ್ದ ಮನುಷ್ಯ ಅಂದು ತಾವಾಗಿ ಮಾತನಾಡಿದರು.

“ನಿಮ್ಮ ತಾತನ ಮಕ್ಳು ದಿನ ಗೊತ್ತು ಮಾಡವ್ರೆ ಕಣ್ಲಾ. ಪೇಪರ್‌ನಾಗೆ ಹಾಕು.”

“ನೀನು ಸುಮ್ಕೆ ಮನೀಕಳಯ್ಯ,” ಎಂದರು ದೊಡ್ಡಮ್ಮ.

“ಯಾಕ್ ಮನೀಕಳಾನ. ನನ್ನ ಕಾಯಕ್ಕೆ ಮೇಷ್ಟ್ರಮ್ಮ ಬತ್ತಾರೆ. ಮಗ್ಗಿ ಕೇಳ್ತಾರೋ ಏನೋ. ಇವಳು ಬರೋ ಹೊತ್ಗೆ ಹದಿನೇಳರ ಮಗ್ಗಿ ಕಲಿತಿರ್ತೀನಿ.”

ದೊಡ್ಡಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: “ದಿನಾ ಕೇಳ್ತಾರೆ ಕಣಪ್ಪ, ಇನ್ನೆಷ್ಟು ದಿನ ಐತೆ ಅಂತ. ಓಗೋಳು ನಾನು, ಹಿಗ್ಗು ಅವರ್ದು.”

ಸುದ್ದಿಮನೆಯಲ್ಲಿ ನಾಳೆಯ ಪುಟ ಇಂದೇ ಗೊತ್ತಾಗುತ್ತದೆ. ಅಚಾತುರ್ಯ ತಪ್ಪಿಸಲು ಇರುವ ಏರ್ಪಾಡು ಅದು, ಅದಕ್ಕಿಂತ ಹೆಚ್ಚಿನದನ್ನು ನಾನು ಅದರಲ್ಲಿ ಕಂಡಿರಲಿಲ್ಲ. ಮುಂದಿನ ಒಂದು ದಿನವನ್ನು ಗೊತ್ತುಮಾಡಿಕೊಂಡರೆ ಅದರ ಹಿಂದಿನ ದಿನಗಳಿಗೂ ಕಳೆ ಬರುತ್ತದೆ ಎಂಬುದನ್ನು ಕಂಡದ್ದು ಆ ಮನೆಯಲ್ಲಿ. ದೊಡ್ಡಮ್ಮ ಕೆರೆಯನ್ನು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲೇ ಆ ವಾರದ ಹಿಗ್ಗು ಅವರಿಗೆ ಸಿಕ್ಕಿತ್ತು.

ಬುಧವಾರಕ್ಕೆ ಮೊದಲಿನ ಸೋಮವಾರ ಸಂಜೆ ಶಿರಾದ ಚಿಕ್ಕಮ್ಮ ನಮ್ಮ ತಾಯಿಗೆ ಫೋನ್ ಮಾಡಿದರು. ದನಿಯಲ್ಲಿ ಗೆಲುವಿತ್ತು.

“ಅಕ್ಕ, ನಾನು ಕೆರೆಗೆ ಓಗಿ ಬಂದ್ಬುಟ್ಟೆ. ನಮ್ಮ ಬೀದಿಯೋರು ಟೆಂಪೋ ಮಾಡ್ಕಂಡು ಒಂಟಿದ್ರು.”

“ಬುಧವಾರ ಅಂತ ಯೋಳಿರಲಿಲ್ವೇನೆ?”

“ಅದ್ಕೇ ಕಣಕ್ಕ. ಎಲ್ರೂ ದಿನ ಯೋಳ್ಕಂಡು ಕುಂತಿದ್ರಿ. ಏನಾರಾ ಅಡ್ಡಿ ಬಂದೇ ಬತ್ತದೆ ಅಂತ ನಂಗೆ ನಿದ್ದೆ ಬರಲಿಲ್ಲ. ಭಾವನ ಆರೋಗ್ಯ ಬ್ಯಾರೆ ಅಂಗೈತೆ. ನಾಲ್ಕು ಜನರ ಹೆಸರ್ನಾಗೂ ನಾಲ್ಕು ಬಾಗಿನ ನಾನೇ ಬುಟ್ಟು ಬಂದೀನಿ. ಇನ್ನ ಯಾರ್ಗೂ ಭಯ ಇಲ್ಲ.”

ತಂಗಿ ಮಾಡಿದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ನಾಲ್ಕು ಜೊತೆ ಮೊರ ಹುಡುಕಿ ತಂದು, ಅಕ್ಕಂದಿರ, ತಂಗಿಯ ಹೆಸರು ಒಂದೊಂದಾಗಿ ಹೇಳಿ, ಸೀರೆ ನೆನೆಸಿಕೊಂಡು ಬಿಟ್ಟು ಬಂದಿದ್ದರು. ಆದರೆ ಒಬ್ಬರ ಹೆಸರಿನಲ್ಲಿ ಒಂದು ಕೋಡಿಗೆ ಒಂದೇ ಬಾಗಿನ ಎನ್ನುವುದು ಆ ಊರಿನ ನಡವಳಿಕೆ. ಅದು ನಾಲ್ವರಿಗೂ ಗೊತ್ತಿತ್ತು.

ದೊಡ್ಡಮ್ಮನಿಗೆ ಹೇಳುವ ಕೆಲಸ ತಾಯಿಗೆ ಬಿತ್ತು. ಮಂಗಳವಾರ ಸಂಜೆ ಫೋನ್ ಮಾಡಿ ತಿಳಿಸಿ, ಸುಮ್ಮನೆ ನೋಡಲಾದರೂ ಬರಬೇಕೆಂದು ಒತ್ತಾಯ ಮಾಡಿದರು. ಎಲ್ಲರೂ ಬರುತ್ತೇವೆ, ಊಟ ಅಲ್ಲೇ ಮಾಡೋಣ ಎಂದರು.

“ನೀರು ನೋಡಕ್ಕಲ್ಲಮ್ಮ ನಾನು ದಿನ ಕೇಳಿದ್ದು,” ಎಂದರು ದೊಡ್ಡಮ್ಮ. ಶಿರಾದ ತಂಗಿಯ ಮೇಲೆ ಸಿಟ್ಟಿದೆಯೇ ಎಂದು ತಾಯಿ ಕೇಳಿದಾಗ ಇಲ್ಲವೆಂದರು. “ಅವಳು ನಮ್ಮಪ್ಪನ ಮಗಳು ಕಣೆ. ಇವರು ಮಂಚ ಹಿಡೀದಿದ್ರೆ ನಾನೂ ಅಂಗೇ ಇರ್ತಿದ್ದೆ. ಇರ್ಲಿ ಬುಡು, ಮುಂದಿನ ಕೋಡಿಗೆ.”

ಬುಧವಾರ ಬೆಳಗ್ಗೆ ಶಿಕ್ಷಕಿ ಹೇಳಿದ ಹೊತ್ತಿಗೆ ಬಂದರು. ಬರಬೇಡಿ ಎಂದು ಹೇಳಲು ದೊಡ್ಡಮ್ಮ ಮರೆತಿದ್ದರು. ಕಾಫಿ ಕುಡಿದು, ಹಿಂದಿನ ದಿನವೇ ನೆನೆಹಾಕಿದ್ದ ಅವರೆಕಾಳಿನ ಸಾರು ಉಂಡು ಹೋದರು. ದೊಡ್ಡಪ್ಪ ಅವರಿಗೆ ಮಗ್ಗಿ ಹೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದರೆಂದು ದೊಡ್ಡಮ್ಮ ಆಮೇಲೆ ಹೇಳಿದರು. ನಮ್ಮ ದೇವರ ಮನೆಯಲ್ಲಿದ್ದ ಬಾಗಿನವನ್ನು ತಾಯಿ ನೆರೆಯ ಮುತ್ತೈದೆಯೊಬ್ಬರಿಗೆ ಕೊಟ್ಟರು. ಕೋಡಿ ಹರಿಯುವುದು ಆ ವರ್ಷದ ಕೊನೆಯೊಳಗೆ ನಿಂತಿತು.

ಮರುವರ್ಷ ಬೇಸಿಗೆಗೆ ಮೊದಲೇ ದೊಡ್ಡಪ್ಪ ತೀರಿಕೊಂಡರು. ಶಿರಾದ ಚಿಕ್ಕಮ್ಮ ಎಲ್ಲರಿಗಿಂತ ಮೊದಲು ಬಂದರು. ಹಜಾರದಲ್ಲಿ ಅಕ್ಕನ ಪಕ್ಕದಲ್ಲಿ ಕೂತು, “ತಪ್ಪಾಯ್ತಕ್ಕ,” ಎಂದರು. ಯಾವುದರ ಬಗ್ಗೆ ಎಂದು ಅಲ್ಲಿದ್ದವರಲ್ಲಿ ಕೆಲವರಿಗಷ್ಟೇ ತಿಳಿಯಿತು. ದೊಡ್ಡಮ್ಮ ತಂಗಿಯ ಕೈ ಹಿಡಿದು, ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ ಎಂದರು. ಅಂದು ನಾಲ್ವರೂ ಒಂದೇ ಮನೆಯಲ್ಲಿದ್ದರು. ಹನ್ನೊಂದನೆಯ ದಿನದವರೆಗೂ ಇದ್ದರು.

ಆಮೇಲೆ ನಮ್ಮ ತಾಯಿ ಬದಲಾದರು. ಈಗ ಶಿರಾಕ್ಕೆ ಹೋಗುವುದಾದರೆ ವಾರ ಮೊದಲು ಫೋನ್ ಮಾಡುತ್ತಾರೆ. ಕೊರಟಗೆರೆಯ ಚಿಕ್ಕಮ್ಮನಿಂದಲೂ ‘ನೋಡಾನ’ ಎಂಬ ಉತ್ತರ ಸಾಲದು, ದಿನ ಹೇಳಿಸಿಕೊಂಡೇ ಫೋನ್ ಇಡುತ್ತಾರೆ. ಕಳೆದ ವರ್ಷ ನಾಲ್ವರೂ ಗೊತ್ತುಮಾಡಿಕೊಂಡ ದಿನವೇ ಸಿದ್ದರಬೆಟ್ಟದ ಬುಡದಲ್ಲಿ ಸೇರಿ, ಬುತ್ತಿ ಉಂಡು, ಹೊತ್ತು ಮುಳುಗುವ ಮೊದಲು ಅವರವರ ಬಸ್ಸು ಹತ್ತಿದರು. ಯಾವ ಅಡ್ಡಿಯೂ ಬರಲಿಲ್ಲ. ಹಿಂದಿರುಗಿದ ಸಂಜೆ ತಾಯಿ ಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತು, “ಇಷ್ಟು ಸಲೀಸಾಗಿತ್ತಲ್ಲೋ,” ಎಂದರು.

ಗಂಡನನ್ನು ಕಳೆದುಕೊಂಡವರು ಕೆರೆಗೆ ಬಾಗಿನ ಕೊಡುವ ರೂಢಿ ನಮ್ಮ ಕಡೆ ಇಲ್ಲ. ಮುಂದಿನ ಕೋಡಿಗೆ ಕೊಟ್ಟರೆ ದೊಡ್ಡಮ್ಮನೇ ಮೊದಲು ಕೊಡಬೇಕು, ಇಲ್ಲದಿದ್ದರೆ ತಾವು ಮೂವರೂ ಕೊಡುವುದಿಲ್ಲ ಎಂದು ತಾಯಿ ಮಾವನಿಗೆ ಹೇಳಿದ್ದಾರೆ. ಊರಿನವರನ್ನು ಕೇಳಿ ಹೇಳುತ್ತೇನೆಂದು ಮಾವ ಹೇಳಿದ್ದಾರೆ. ಇನ್ನೂ ಹೇಳಿಲ್ಲ. ಹೋದ ತಿಂಗಳ ಮಳೆಗೆ ಕೆರೆಗೆ ನೀರು ಬರುತ್ತಿದೆಯೆಂದು ತಿಳಿದ ದಿನ ತಾಯಿ ಪಾವಗಡಕ್ಕೆ ಫೋನ್ ಮಾಡಿ, ಯಾವ ವಾರ ಅನುಕೂಲವಾಗುತ್ತದೆ ಎಂದು ಅಕ್ಕನನ್ನು ಕೇಳಿದರು.

“ಈಗೇನಮ್ಮ, ನಂಗೆ ಯಾವ ದಿನ ಆದ್ರೂ ಆಯ್ತದೆ,” ಎಂದರು ದೊಡ್ಡಮ್ಮ.

ನೀರು ಏರಿಯ ಅರ್ಧದವರೆಗೆ ಬಂದು ನಿಂತಿದೆ.