ಮುತ್ತನಾಗಿ ಓಗೊಟ್ಟವನು

ಕರಾವಳಿಯ ಕೋಡಿ ಊರಿನ ರತನ್ ಹಾಯಿದೋಣಿಯ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ದೋಣಿ ಒಂದು ವಿದೇಶಿ ದಂಪತಿಯದು. ಊರಿನ ಮನೆ ಮಾರಿ, ದೋಣಿಯನ್ನೇ ಮನೆ ಮಾಡಿಕೊಂಡು ಬಂದರಿನಿಂದ ಬಂದರಿಗೆ ಸುತ್ತುವ ಮುದುಕ, ಮುದುಕಿ. ಅವರಿಗೆ ಅಡುಗೆ ಮಾಡುವುದು, ಹಾಯಿ ಏರಿಸಿ ಇಳಿಸುವುದು, ಸರದಿಯಲ್ಲಿ ಚುಕ್ಕಾಣಿ ಹಿಡಿಯುವುದು ಅವನ ಪಾಲು.

ಮೊದಲೆಲ್ಲ ದಡ ಮುಟ್ಟಿದಾಗ ಮಾತ್ರ ಮನೆಗೆ ಫೋನು. ಆಮೇಲೆ ಯಜಮಾನರು ದೋಣಿಯ ಹಿಂಬದಿಗೆ ಉಪಗ್ರಹದ ಡಿಶ್ ಹಾಕಿಸಿದರು. ಒಳ್ಳೆಯ ಬಿಸಿಲು ಬಿದ್ದು ಬ್ಯಾಟರಿ ತುಂಬಿದರೆ ಸಂಜೆ ಇಂಟರ್‌ನೆಟ್. ನಡುಗಡಲಿನಲ್ಲೂ ಅಕ್ಕ ಸುಗುಣಳ ಮುಖ ಮೊಬೈಲಿನಲ್ಲಿ ಮೂಡತೊಡಗಿತು.

ಅಪ್ಪ ಸುಬ್ಬ ಸುಗುಣಳ ಮನೆಯಲ್ಲಿದ್ದ. ಹರೆಯದಲ್ಲಿ ಹಾಯಿದೋಣಿಯಲ್ಲೇ ಮೀನು ಹಿಡಿದವನು. ಈಗ ಮರೆವು ಹತ್ತಿ ಎದುರಿಗಿದ್ದವರ ಗುರುತೂ ಸಿಕ್ಕುತ್ತಿರಲಿಲ್ಲ. ಒಂದು ಸಂಜೆ ಸುಗುಣ ಫೋನನ್ನು ಅವನ ಮುಂದೆ ಹಿಡಿದಳು. ರತನ್‌ನ ಬೆನ್ನ ಹಿಂದೆ ಬಿಳಿ ಹಾಯಿ ಪಟಪಟಿಸುತ್ತಿತ್ತು. ಸುಬ್ಬ ಬೆಚ್ಚಿಬಿದ್ದ.

"ಹ್ವಾಯ್ ಮುತ್ತ! ಗಾಳಿ ತಿರ್ಗಿತ್ ಕಾಣ್. ಹಾಯಿ ಇಳ್ಸಿ ದಡಕ್ಕೆ ಬಾ ಮಾರಾಯ!"

ಮುತ್ತ ಅಪ್ಪನ ತಮ್ಮ. ರತನ್ ಹುಟ್ಟುವ ಮೊದಲೇ, ಮದುವೆಯೂ ಆಗದ ವಯಸ್ಸಿನಲ್ಲಿ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

"ಅಪ್ಪಯ್ಯ, ನಾನ್ ರತನ್."

"ರತನ್ ಯಾರ್?" ಎಂದು ಸುಬ್ಬ ಅಳತೊಡಗಿದ.

ಸುಗುಣ ಫೋನನ್ನು ಪಕ್ಕಕ್ಕೆ ತಿರುಗಿಸಿ ಪಿಸುಗುಟ್ಟಿದಳು: "ಬತ್ತೆ ಅಂದ್ ಹೇಳ್. ಇಲ್ದಿರೆ ಉಂಬುದಿಲ್ಲ."

ಫೋನು ಮತ್ತೆ ಅಪ್ಪನ ಕಡೆ ತಿರುಗಿದಾಗ ರತನ್ ಅಂದ: "ಬತ್ತೆ ಅಣ್ಣ. ನೀನ್ ಉಣ್."

ಅಂದಿನಿಂದ ಡಿಶ್ ಹಚ್ಚಿದಾಗಲೆಲ್ಲ ಅವನು ಮುತ್ತನಾಗಿ ಓಗೊಟ್ಟ. ಬಲೆಗೆ ಎಂತ ಬಿತ್ತು ಎಂದು ಅಪ್ಪ ಕೇಳಿದರೆ ಬಂಗುಡೆ ಎನ್ನುತ್ತಿದ್ದ. ಅಪ್ಪ ನಗುತ್ತಿದ್ದ. ಮಗನಾಗಿ ಅವನ ಜೊತೆ ಇಷ್ಟು ಮಾತಾಡಿದ್ದು ರತನ್‌ಗೆ ನೆನಪಿರಲಿಲ್ಲ.

ಆ ಸಲ ದ್ವೀಪವೊಂದನ್ನು ಬಿಟ್ಟು ಹಾಯಿ ಎತ್ತಿದ ಮೇಲೆ ಮೋಡ ಕವಿಯಿತು. ಹಲವು ದಿನ ಡಿಶ್ ಹಚ್ಚಲಾಗಲಿಲ್ಲ. ಬಿಸಿಲು ಬಂದ ಬೆಳಿಗ್ಗೆ ಹಚ್ಚಿದ ಕೂಡಲೇ ಸುಗುಣಳ ಕರೆ ಬಂತು. ಅಪ್ಪ ನಸುಕಿನಲ್ಲೇ ತೀರಿಕೊಂಡಿದ್ದ. ಹತ್ತಿರದ ದಡಕ್ಕೇ ವಾರದ ದಾರಿ.

ಭಾವ ರಾಜೀವ ಕೊಳ್ಳಿ ಇಟ್ಟ. ನೆರೆಮನೆಯ ಗಣಪ ಸ್ಮಶಾನದಲ್ಲಿ ಫೋನು ಹಿಡಿದು ನಿಂತಿದ್ದ. ಹೊಗೆ ಏಳುತ್ತಿದ್ದಂತೆ ಚಿತ್ರ ನಿಂತುಹೋಯಿತು. ನಡುಗಡಲಿನ ದೋಣಿಯಲ್ಲಿ ಸಿಗ್ನಲ್ ತುಂಬಿ ನಿಂತಿತ್ತು, ಹೋದದ್ದು ಕೋಡಿಯಲ್ಲಿ. ರತನ್ ಮತ್ತೆ ಮತ್ತೆ ಕರೆ ಮಾಡಿದ. ಕೊನೆಗೆ ಕಡಲ ನೀರನ್ನೇ ಬಕೆಟ್ಟಿನಲ್ಲಿ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದವನ ಹೆಗಲಿಗೆ ಮುದುಕಿ ಟವೆಲು ಹೊದೆಸಿದಳು. ಅಂದಿನ ಅವನ ಸರದಿಯ ಚುಕ್ಕಾಣಿಯನ್ನು ಯಜಮಾನರೇ ಹಿಡಿದರು.

ಊರು ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಊಟ ಬಡಿಸುತ್ತಿದ್ದ ಅಕ್ಕನನ್ನು ಕೇಳಿದ: "ಅಪ್ಪಯ್ಯ ಕಡಿಗೆ ನನ್ನ ಕೇಂಡ್ರಾ?"

ಸುಗುಣ ಸೌಟು ಕೆಳಗಿಟ್ಟಳು. "ಇಲ್ಲ ಮಾರಾಯ. ಮುತ್ತ ಬಂದ್ನಾ ಅಂದ್ ಕೇಂಡ್ರ್. ಬಂದ ಅಂದೆ. ಹಂಗೇ ಕಣ್ ಮುಚ್ಚಿದ್ರ್."

ರತನ್ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದ, ಉಣ್ಣಲಿಲ್ಲ.

ಮುಂದಿನ ತಿಂಗಳು ಅವನು ದೋಣಿಗೆ ಮರಳಿದ. ಈಗಲೂ ಸಂಜೆ ಅಕ್ಕ ತಮ್ಮ ಫೋನಿನಲ್ಲಿ ಎದುರಾಗುತ್ತಾರೆ. ಊಟ ಆಯಿತಾ ಎಂದು ಕೇಳಿದ ಮೇಲೆ ಮಾತು ಮುಂದೆ ಹೋಗುವುದಿಲ್ಲ. ಬಲೆಗೆ ಎಂತ ಬಿತ್ತು ಎಂದು ಕೇಳುವವರಿಲ್ಲ, ಫೋನು ಇಡುತ್ತಾರೆ.